ಪರಮಾಣು ಲೆಕ್ಕ ಮೂರು ಥರ ಸರಿ ಬರುತ್ತಿದೆ, ಯಾವುದು ನಿಜ?

ತೋಟದಮನೆ, ಶಿರಸಿ ಕಡೆ

ಎಲ್ಲರಿಗೂ ನಮಸ್ಕಾರ. ನಾನು ಓದಿದ್ದು ಬಿ.ಕಾಂ. ಮದುವೆಗೆ ಮುಂಚೆ ಮೂರು ವರ್ಷ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಮಗಳು ಈ ವರ್ಷ ಮೊದಲ ಪಿಯುಸಿ, ಸೈನ್ಸ್. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಎಲ್ಲಾ ಇಂಗ್ಲಿಷು. ಹಾಗಾಗಿ ರಾತ್ರಿ ಊಟ ಆದಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ಓದುತ್ತೇವೆ. ಅವಳು ಓದಿ ಹೇಳುತ್ತಾಳೆ. ನಾನು ಕನ್ನಡದಲ್ಲಿ ಪ್ರಶ್ನೆ ಕೇಳುತ್ತೇನೆ. ಹಾಗೆ ಕೇಳುತ್ತಾ ಕೇಳುತ್ತಾ ನನಗೂ ಸ್ವಲ್ಪ ಕೆಮಿಸ್ಟ್ರಿ ಹತ್ತಿದೆ.

ನಾವು ಸಿಕ್ಕಿಕೊಂಡಿರುವುದು ಇಲ್ಲಿ. ಪೊಟ್ಯಾಸಿಯಂ ಪರ್ಮಾಂಗನೇಟಿಗೆ ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಆಗುವ ಕ್ರಿಯೆ. ಸಿಗುವುದು ಪೊಟ್ಯಾಸಿಯಂ ಸಲ್ಫೇಟ್, ಮ್ಯಾಂಗನೀಸ್ ಸಲ್ಫೇಟ್, ನೀರು, ಆಕ್ಸಿಜನ್. ಇದನ್ನು ಸರಿದೂಗಿಸಬೇಕು. ಮಗಳು ಹತ್ತನೇ ತರಗತಿಯಲ್ಲಿ ಕಲಿತ ಹಾಗೆ ಒಂದೊಂದೇ ಪರಮಾಣು ಎಣಿಸುತ್ತಾ ಹೋದಳು. ಅವಳಿಗೆ ಬಂದಿದ್ದು ಹೀಗೆ:

2 ಪರ್ಮಾಂಗನೇಟ್ + 3 ಸಲ್ಫ್ಯೂರಿಕ್ ಆಮ್ಲ + 1 ಪೆರಾಕ್ಸೈಡ್ → 1 ಪೊಟ್ಯಾಸಿಯಂ ಸಲ್ಫೇಟ್ + 2 ಮ್ಯಾಂಗನೀಸ್ ಸಲ್ಫೇಟ್ + 4 ನೀರು + 3 ಆಕ್ಸಿಜನ್

ಅವಳ ಗೆಳತಿಗೆ ಬಂದಿದ್ದು 3 ಪೆರಾಕ್ಸೈಡ್, 6 ನೀರು, 4 ಆಕ್ಸಿಜನ್. ಉಳಿದದ್ದೆಲ್ಲ ಅದೇ. ಗೈಡಿನಲ್ಲಿ ಇರುವುದು 5 ಪೆರಾಕ್ಸೈಡ್, 8 ನೀರು, 5 ಆಕ್ಸಿಜನ್.

ನಾನು ಕೂತು ಮೂರನ್ನೂ ತಾಳೆ ನೋಡಿದೆ. ಮಗಳದ್ದರಲ್ಲಿ ಆಕ್ಸಿಜನ್ ಪರಮಾಣು ಎಡಕ್ಕೆ 22, ಬಲಕ್ಕೂ 22. ಗೆಳತಿಯದ್ದು 26ಕ್ಕೆ 26. ಗೈಡಿನದ್ದು 30ಕ್ಕೆ 30. ಹೈಡ್ರೋಜನ್ 8, 12, 16, ಎಲ್ಲಾ ಕಡೆ ಸರಿ. ಉಳಿದವೂ ಸರಿ. ಕ್ಲಾಸಿನಲ್ಲಿ ಕೇಳಿದ್ದಕ್ಕೆ "ಎಲೆಕ್ಟ್ರಾನ್ ಲೆಕ್ಕ ಹಾಕಬೇಕು, 5 ಸರಿ" ಅಂದರಂತೆ. ಅಷ್ಟೇ. ಮಗಳು 5 ಅಂತ ಬರೆದುಕೊಂಡು ಬಂದಿದ್ದಾಳೆ. ಆದರೆ ತನ್ನದು ಯಾಕೆ ತಪ್ಪು ಅಂತ ಅವಳಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಎರಡೂ ಕಡೆ ಸರಿಯಾಗಿ ಕೂತಿರುವ ಲೆಕ್ಕವನ್ನು ತಪ್ಪು ಅನ್ನುವುದು ಹೇಗೆ? ಯಾರಾದರೂ ನಿಧಾನವಾಗಿ ಹೇಳಿಕೊಡಿ.

ಸೆಕೆಂಡ್ ಪಿಯು, ಕುಮಟಾ

ಆಂಟಿ, ಉತ್ತರ 5. ನಾವು ಮಾಡುವ ರೀತಿ ಹೇಳುತ್ತೇನೆ.

ಮೊದಲು ಯಾರ ಆಕ್ಸಿಡೇಶನ್ ನಂಬರ್ (ಒಂದು ಪರಮಾಣು ಎಷ್ಟು ಎಲೆಕ್ಟ್ರಾನ್ ಕೊಟ್ಟಿದೆ ಅಥವಾ ತೆಗೆದುಕೊಂಡಿದೆ ಅಂತ ತೋರಿಸುವ ಅಂಕೆ) ಬದಲಾಗಿದೆ ನೋಡಬೇಕು. ಪರ್ಮಾಂಗನೇಟಿನಲ್ಲಿ ಮ್ಯಾಂಗನೀಸ್ +7 ಇದ್ದದ್ದು +2 ಆಗುತ್ತದೆ. ಅಂದರೆ 5 ಎಲೆಕ್ಟ್ರಾನ್ ತೆಗೆದುಕೊಂಡಿತು. ಪೆರಾಕ್ಸೈಡಿನಲ್ಲಿ ಆಕ್ಸಿಜನ್ −1 ಇದ್ದದ್ದು 0 ಆಗುತ್ತದೆ. ಅದರಲ್ಲಿ ಆಕ್ಸಿಜನ್ ಎರಡಿದೆ, ಹಾಗಾಗಿ ಒಂದು ಪೆರಾಕ್ಸೈಡ್ 2 ಎಲೆಕ್ಟ್ರಾನ್ ಕೊಡುತ್ತದೆ. ಕೊಟ್ಟಿದ್ದು, ತಗೊಂಡಿದ್ದು ಸಮ ಆಗಬೇಕು. 5 ಮತ್ತು 2ರ ಲಸಾಅ 10. ಆದ್ದರಿಂದ 2 ಪರ್ಮಾಂಗನೇಟ್, 5 ಪೆರಾಕ್ಸೈಡ್. ಈ ಎರಡು ನಂಬರ್ ಗಟ್ಟಿ ಮಾಡಿಕೊಂಡು ಉಳಿದದ್ದನ್ನು ಎಣಿಸಿದರೆ ತಾನಾಗೇ ಕೂರುತ್ತದೆ.

ನಾನು ಹೋದ ವರ್ಷ ಪದೇ ಪದೇ ಮಾಡುತ್ತಿದ್ದ ತಪ್ಪು ಒಂದಿದೆ. ಡೈಕ್ರೋಮೇಟ್ ಬಂದಾಗ ಕ್ರೋಮಿಯಂ +6ರಿಂದ +3, ಹಾಗಾಗಿ 3 ಎಲೆಕ್ಟ್ರಾನ್ ಅಂತ ಬರೆಯುತ್ತಿದ್ದೆ. ಒಂದು ಡೈಕ್ರೋಮೇಟಿನಲ್ಲಿ ಎರಡು ಕ್ರೋಮಿಯಂ ಇದೆ. 6 ಆಗಬೇಕು. ಪೆರಾಕ್ಸೈಡಿನಲ್ಲೂ ಹಾಗೇ. ಇದನ್ನು ತಂಗಿಗೆ ಹೇಳಿ.

ನಿವೃತ್ತ ಉಪನ್ಯಾಸಕ, ಕಾರವಾರ

ತಂಗೀ, ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಮೂವತ್ತು ವರ್ಷ ಇದೇ ಪಾಠ ಮಾಡಿದೆ. "5 ಸರಿ" ಅಂದ ಕೂಡಲೇ ಬರೆದುಕೊಳ್ಳುವವರೇ ಜಾಸ್ತಿ. ತನ್ನದು ಯಾಕೆ ತಪ್ಪು ಅಂತ ಪಟ್ಟು ಹಿಡಿಯುವ ಮಕ್ಕಳು ಕಡಿಮೆ. ಕುಮಟಾದ ಹುಡುಗ ಹೇಳಿದ ಕ್ರಮ ಸರಿಯಾಗಿದೆ. ಪರೀಕ್ಷೆಗೆ ಅಷ್ಟು ಸಾಕು. ನಿಮ್ಮ ಪ್ರಶ್ನೆಗೆ ಮಾತ್ರ ಅದು ಸಾಲದು.

ನೀವು ಸೊಸೈಟಿ ಲೆಕ್ಕ ಬರೆದವರು. ಹೇಳಿ, ಒಬ್ಬ ಸದಸ್ಯರು ಅಡಿಕೆ ತಂದು ಹಾಕಿದರು. ಆ ಹಣವನ್ನು ನೀವು ಕೈತಪ್ಪಿ ಅದೇ ಹೆಸರಿನ ಇನ್ನೊಬ್ಬರ ಖಾತೆಗೆ ಜಮಾ ಮಾಡಿದಿರಿ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗುತ್ತದೋ ಇಲ್ಲವೋ? ಆಗಿಯೇ ಆಗುತ್ತದೆ. ಒಂದು ಪೈಸೆ ವ್ಯತ್ಯಾಸ ಬರುವುದಿಲ್ಲ. ಆದರೂ ಲೆಕ್ಕ ಸುಳ್ಳು. ಅಡಿಕೆ ಕೊಟ್ಟವರೇ ಬೇರೆ, ಜಮಾ ಆದದ್ದೇ ಬೇರೆ. ನಿಮ್ಮ ಮಗಳ ಸಮೀಕರಣದಲ್ಲೂ ಆಗಿರುವುದು ಇದೇ.

ಪರಮಾಣು ಎಣಿಸುವಾಗ ಆಕ್ಸಿಜನ್ ಅಂದರೆ ಆಕ್ಸಿಜನ್, ಅಷ್ಟೇ. ಪರ್ಮಾಂಗನೇಟಿನದ್ದೂ ಒಂದೇ, ಆಮ್ಲದ್ದೂ ಒಂದೇ, ಪೆರಾಕ್ಸೈಡಿನದ್ದೂ ಒಂದೇ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಎಣಿಸಿದ ಹಾಗೆ. ಎಲೆಕ್ಟ್ರಾನು ಹಿಡಿದು ನೋಡಿದರೆ ಇವು ಬೇರೆ ಬೇರೆ ಖಾತೆ. ಪರ್ಮಾಂಗನೇಟ್ ಮತ್ತು ಆಮ್ಲದಲ್ಲಿರುವ ಆಕ್ಸಿಜನ್ −2. ಪೆರಾಕ್ಸೈಡಿನದ್ದು −1.

ಈಗ ಮಗಳ ಉತ್ತರ ತೆಗೆದುಕೊಳ್ಳಿ. 2 ಮ್ಯಾಂಗನೀಸಿಗೆ ಒಟ್ಟು 10 ಎಲೆಕ್ಟ್ರಾನು ಬೇಕು. ಅವಳ ಸಮೀಕರಣದಲ್ಲಿ ಪೆರಾಕ್ಸೈಡ್ ಇರುವುದು ಒಂದೇ. ಅದು ಕೊಡುವುದು 2. ಇನ್ನು 8 ಯಾರು ಕೊಟ್ಟರು? ಬಲಗಡೆ ಮೂರು ಆಕ್ಸಿಜನ್ ಅಣು ಇದೆ. ಒಂದು ಪೆರಾಕ್ಸೈಡಿನದ್ದು. ಉಳಿದ ಎರಡು ಅಣುವಿನಲ್ಲಿ 4 ಪರಮಾಣು. ಅವು −2 ಇದ್ದ ಜಾಗದಿಂದ ಬರಬೇಕು, ಬೇರೆ ದಾರಿ ಇಲ್ಲ. ಒಂದೊಂದು 2 ಕೊಟ್ಟರೆ ಒಟ್ಟು 8. ನೋಡಿ, ಎಲೆಕ್ಟ್ರಾನಿನ ಮೊತ್ತವೂ ಟ್ಯಾಲಿ ಆಯಿತು! ಗೆಳತಿಯದ್ದರಲ್ಲಿ ಪೆರಾಕ್ಸೈಡ್ 6 ಕೊಡುತ್ತದೆ, ಉಳಿದ 4 ಹೀಗೇ ಇನ್ನೊಂದು ಕಡೆಯಿಂದ ಬಂದಿದೆ. ಅಂದರೆ ಇಬ್ಬರೂ ಹುಡುಗಿಯರು ತಮಗೇ ಗೊತ್ತಿಲ್ಲದೆ, ಕೊಡದೇ ಇದ್ದವರ ಹೆಸರಿಗೆ ಜಮಾ ಬರೆದಿದ್ದಾರೆ. ನೀರು, ಪರ್ಮಾಂಗನೇಟು, ಆಮ್ಲದ ಆಕ್ಸಿಜನ್ ಇಲ್ಲಿ ಎಲೆಕ್ಟ್ರಾನು ಕೊಡುವುದಿಲ್ಲ. ಕೊಡುವುದು ಪೆರಾಕ್ಸೈಡ್ ಒಂದೇ. ಹತ್ತೂ ಅದರ ಖಾತೆಯಿಂದಲೇ ಹೋಗಬೇಕು. ಹಾಗಾಗಿ 5.

ಇದು ಊಹೆಯ ಮಾತಲ್ಲ. ಪೆರಾಕ್ಸೈಡಿನ ಆಕ್ಸಿಜನ್‌ಗೆ ಗುರುತು ಹಾಕಿ ನೋಡಿದ್ದಾರೆ. ಆಕ್ಸಿಜನ್ 18 ಅಂತ ತುಸು ಭಾರದ ಆಕ್ಸಿಜನ್ ಇದೆ. ಪೆರಾಕ್ಸೈಡಿನಲ್ಲಿ ಅದನ್ನು ಸೇರಿಸಿ ಕ್ರಿಯೆ ಮಾಡಿದಾಗ, ಮೇಲೆ ಬಂದ ಅನಿಲದ ಎರಡೂ ಪರಮಾಣು ಪೆರಾಕ್ಸೈಡಿನವೇ ಆಗಿದ್ದವು. ಆ ಜೋಡಿ ಬಿಡುವುದೇ ಇಲ್ಲ, ಹಾಗೇ ಎದ್ದು ಹೋಗುತ್ತದೆ.

ನಮ್ಮ ಪಿಯು ಲ್ಯಾಬಿನಲ್ಲೂ ತೋರಿಸಬಹುದು. 0.05 ಮೋಲಾರ್ (ಮೋಲಾರ್ ಅಂದರೆ ದ್ರಾವಣ ಎಷ್ಟು ಗಟ್ಟಿ ಅನ್ನುವ ಅಳತೆ) ಪೆರಾಕ್ಸೈಡ್ 10 ಮಿ.ಲೀ. ಪಿಪೆಟ್ ಮಾಡಿ, ಸಾರರಿಕ್ತ, ಅಂದರೆ ನೀರು ಬೆರೆಸಿ ತೆಳುವಾಗಿಸಿದ, ಸಲ್ಫ್ಯೂರಿಕ್ ಆಮ್ಲ ಸೇರಿಸಿ. ಬ್ಯುರೆಟ್ಟಿನಲ್ಲಿ, ಅಂದರೆ ಅಳತೆ ಗುರುತಿರುವ ನಲ್ಲಿಯ ಗಾಜಿನ ಕೊಳವೆಯಲ್ಲಿ, 0.02 ಮೋಲಾರ್ ಪರ್ಮಾಂಗನೇಟ್ ತುಂಬಿ ಹನಿ ಹನಿಯಾಗಿ ಬಿಡಿ. ಪೆರಾಕ್ಸೈಡ್ ಮುಗಿದ ಮೇಲೆಯೇ ಅದರ ಬಣ್ಣ ನಿಲ್ಲುತ್ತದೆ. ಮಗಳ ಸಮೀಕರಣ ನಿಜವಾಗಿದ್ದರೆ ತಿಳಿ ಗುಲಾಬಿ ಬಣ್ಣ ನಿಲ್ಲುವುದಕ್ಕೆ 50 ಮಿ.ಲೀ. ಬೇಕು, ಬ್ಯುರೆಟ್ಟು ಪೂರ್ತಿ ಖಾಲಿ ಆಗಬೇಕು. ಗೆಳತಿಯದ್ದಾದರೆ 16.7. ಬಣ್ಣ ನಿಲ್ಲುವುದು 10 ಮಿ.ಲೀ.ಗೆ. ನಾನು ಎಷ್ಟೋ ಸಲ ಮಕ್ಕಳಿಗೆ ಮೊದಲು ಮೂರು ಸಮೀಕರಣ ಬೋರ್ಡಿನ ಮೇಲೆ ಬರೆದು, ನಿಮಗೆ ಯಾವುದು ಸರಿ ಅನಿಸುತ್ತದೆ ಅಂತ ಕೈ ಎತ್ತಿಸಿ, ಆಮೇಲೆ ಬ್ಯುರೆಟ್ ತಿರುಗಿಸುತ್ತಿದ್ದೆ. 10ಕ್ಕೆ ಬಣ್ಣ ನಿಂತಾಗ ಇಡೀ ಲ್ಯಾಬ್ ಸುಮ್ಮನಾಗುತ್ತಿತ್ತು. ಆ ಕ್ಷಣ ನನಗೆ ಇವತ್ತಿಗೂ ಇಷ್ಟ.

ಇನ್ನೊಂದು ಸಣ್ಣ ವಿಷಯ. ಮೂರು ಉತ್ತರಗಳ ನಡುವಿನ ವ್ಯತ್ಯಾಸ ನೋಡಿ. ಪ್ರತಿ ಸಲ 2 ಪೆರಾಕ್ಸೈಡ್ ಜಾಸ್ತಿ, 2 ನೀರು ಜಾಸ್ತಿ, 1 ಆಕ್ಸಿಜನ್ ಜಾಸ್ತಿ. ಪೆರಾಕ್ಸೈಡ್ ತಾನೇ ಒಡೆದು ನೀರು ಮತ್ತು ಆಕ್ಸಿಜನ್ ಆಗುವ ಕ್ರಿಯೆ ಅದು. ಅದು ತಾನೇ ಸರಿದೂಗಿದ ಸಮೀಕರಣ. ಅದನ್ನು ಎಷ್ಟು ಸಲ ಕೂಡಿಸಿದರೂ, ಕಳೆದರೂ ಪರಮಾಣು ಲೆಕ್ಕ ಕೆಡುವುದಿಲ್ಲ. ಹಾಗಾಗಿ ಮೂರಲ್ಲ, 7, 9, 11 ಅಂತ ಎಷ್ಟು ಬೇಕಾದರೂ ಉತ್ತರ ಬರೆಯಬಹುದು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಇದನ್ನು ಮನೆಯಲ್ಲಿ ಮಾಡಬೇಡಿ. ಪರ್ಮಾಂಗನೇಟ್ ಮತ್ತು ಗಟ್ಟಿ ಸಲ್ಫ್ಯೂರಿಕ್ ಆಮ್ಲ ಸೇರಿದರೆ ಸ್ಫೋಟವಾಗುವ ವಸ್ತು ಹುಟ್ಟುತ್ತದೆ. ಲ್ಯಾಬಿನಲ್ಲಿ, ಸಾರರಿಕ್ತ ಆಮ್ಲದಲ್ಲಿ, ಮೇಷ್ಟ್ರು ಎದುರಿಗೆ ಇದ್ದಾಗ ಮಾತ್ರ.

ತೋಟದಮನೆ, ಶಿರಸಿ ಕಡೆ

ಸರ್, ನಿಮ್ಮ ಉತ್ತರವನ್ನು ಮಗಳಿಗೆ ಎರಡು ಸಲ ಓದಿ ಹೇಳಿದೆ. ಬೇರೆ ಖಾತೆಗೆ ಜಮಾ ಆದದ್ದು ಅಂದ ಕೂಡಲೇ ನನಗೆ ಅರ್ಥ ಆಯಿತು. ಸೊಸೈಟಿಯಲ್ಲಿ ಒಮ್ಮೆ ನನ್ನಿಂದಲೇ ಹಾಗೆ ಆಗಿತ್ತು. ಒಂದೇ ಹೆಸರು, ಒಂದೇ ಊರು, ಅಪ್ಪನ ಹೆಸರು ಮಾತ್ರ ಬೇರೆ. ವರ್ಷದ ಲೆಕ್ಕ ಚೊಕ್ಕವಾಗಿ ಕೂತಿತ್ತು. ಆ ಹಿರಿಯರು ಪಾಸ್ ಪುಸ್ತಕ ಹಿಡಿದು ಬಂದು ಕೌಂಟರಿನಲ್ಲಿ ನಿಂತಾಗಲೇ ಗೊತ್ತಾಗಿದ್ದು. ಇವತ್ತಿಗೂ ನೆನಪಾದರೆ ಬೇಜಾರಾಗುತ್ತದೆ.

ಈಗ ನಮ್ಮಿಬ್ಬರದ್ದು ಒಂದೊಂದು ಪ್ರಶ್ನೆ. ನನ್ನದು ಇದು. ಪೆರಾಕ್ಸೈಡೇ ಕೊಡುತ್ತದೆ, ನೀರು ಕೊಡುವುದಿಲ್ಲ ಅಂತ ಮೊದಲೇ ಹೇಗೆ ತಿಳಿಯುವುದು? ಎಲ್ಲದಕ್ಕೂ ಗುರುತು ಹಾಕಿ ನೋಡಲು ಆಗುವುದಿಲ್ಲ ಅಲ್ವಾ?

ಮಗಳದ್ದು ತೋಟದ ಪ್ರಶ್ನೆ. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಕೊಳೆ ಔಷಧಿ ಹೊಡೆಯುತ್ತಾರೆ. ಬೋರ್ಡೋ ದ್ರಾವಣ. 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತ ಬೇರೆ, ಸುಣ್ಣ ಬೇರೆ ಕರಗಿಸಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕೂಡಿಸುತ್ತಾರೆ. ಆಮೇಲೆ ನಮ್ಮವರು ಕತ್ತಿಯ ತುದಿ ಉಜ್ಜಿ ಬೆಳ್ಳಗೆ ಮಾಡಿ ಅದರಲ್ಲಿ ಅದ್ದುತ್ತಾರೆ. ತುದಿ ಕೆಂಪಾದರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಸುಣ್ಣದ ತಿಳಿ ಹಾಕುತ್ತಾರೆ. ಮಗಳು ಚಿಕ್ಕವಳಿದ್ದಾಗಿಂದ ನೋಡಿದ್ದಾಳೆ. ನಿನ್ನೆ ರಾತ್ರಿ ತಟ್ಟನೆ, "ಅಮ್ಮಾ, ಅದೂ ಎಲೆಕ್ಟ್ರಾನೇ ಅಲ್ವಾ?" ಅಂದಳು. ಹೌದಾ ಸರ್?

ಬೈತಖೋಲದ ಬೋಟಿನವನು

ಅಕ್ಕ, ನಾನು ಕಾಲೇಜು ಮುಗಿಸಿದವನಲ್ಲ. ಬೈತಖೋಲ ಬಂದರಿನಲ್ಲಿ ಬೋಟಿನ ರಿಪೇರಿ ಕೆಲಸ. ನಿಮ್ಮ ಕತ್ತಿ ವಿಷಯ ಓದಿ ನಮ್ಮ ಜಿಂಕ್ ನೆನಪಾಯಿತು.

ಬೋಟಿನ ಅಡಿಗೆ ಜಿಂಕಿನ ಗಟ್ಟಿ ಬಿಗಿದಿರುತ್ತೇವೆ. ಚುಕ್ಕಾಣಿ, ಶಾಫ್ಟ್ ಹತ್ತಿರ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಇರುತ್ತದಲ್ಲ, ಆಗ ಬೋಟು ಮೇಲೆ ಎಳೆದು ನೋಡುತ್ತೇವೆ. ಜಿಂಕ್ ಇಲಿ ಕಡಿದ ಹಾಗೆ ಸವೆದಿರುತ್ತದೆ. ಕಬ್ಬಿಣ ಚೆನ್ನಾಗಿರುತ್ತದೆ. ಜಿಂಕ್ ತಿಂದುಹೋದಷ್ಟೂ ನಮಗೆ ಸಮಾಧಾನ, ಅದು ಕೆಲಸ ಮಾಡಿದೆ ಅಂತ. ಒಂದು ವರ್ಷ ಹೊಸ ಹುಡುಗ ಅಡಿಗೆ ಪೇಂಟ್ ಬಳಿಯುವಾಗ ಜಿಂಕಿನ ಮೇಲೂ ಬಳಿದಿದ್ದ. ಮುಂದಿನ ಸಲ ಎಳೆದಾಗ ಜಿಂಕ್ ಹೊಸದರ ಹಾಗೇ ಇತ್ತು, ಚುಕ್ಕಾಣಿಯ ಕಬ್ಬಿಣದ ತುಂಬಾ ತೂತು. ಆವತ್ತಿನಿಂದ ಪೇಂಟ್ ಮಾಡುವ ದಿನ ನಾನೇ ಹತ್ತಿರ ನಿಂತಿರುತ್ತೇನೆ.

ನಮಗೆ ಕಲಿಸಿದವರು ಹೇಳಿದ್ದು ಇಷ್ಟೇ. ಉಪ್ಪು ನೀರಲ್ಲಿ ಯಾರಾದರೂ ಒಬ್ಬರು ಕೊಡಲೇಬೇಕು, ಜಿಂಕ್ ಮುಂದೆ ನಿಂತು ಕೊಡುತ್ತದೆ. ಸರ್, ಇದನ್ನೂ ನಿಮ್ಮ ಲೆಕ್ಕದಲ್ಲಿ ಬರೆಯಲು ಬರುತ್ತದಾ?

ನಿವೃತ್ತ ಉಪನ್ಯಾಸಕ, ಕಾರವಾರ

ಬರುತ್ತದೆ ತಮ್ಮಾ. ನೀವು ಹೇಳಿದ "ಮುಂದೆ ನಿಂತು ಕೊಡುತ್ತದೆ" ಅನ್ನುವ ಮಾತೇ ತಂಗಿಯ ಪ್ರಶ್ನೆಗೆ ಉತ್ತರ.

ಯಾರು ಮೊದಲು ಕೊಡುತ್ತಾರೆ ಅನ್ನುವುದಕ್ಕೆ ಒಂದು ಸಾಲು ಇದೆ. ಪ್ರತಿಯೊಂದನ್ನೂ ಹೈಡ್ರೋಜನ್ ಜೊತೆ ಹೋಲಿಸಿ ವೋಲ್ಟಿನಲ್ಲಿ ಅಳೆದಿದ್ದಾರೆ. ಎರಡನೇ ಪಿಯುಸಿಯಲ್ಲಿ ವಿವರವಾಗಿ ಬರುತ್ತದೆ. ನಮಗೆ ಬೇಕಾದಷ್ಟು ಇಲ್ಲಿ ಬರೆಯುತ್ತೇನೆ. ಸತು, ಅಂದರೆ ನಿಮ್ಮ ಜಿಂಕ್, −0.76. ಕಬ್ಬಿಣ −0.44. ತಾಮ್ರ +0.34. ಪೆರಾಕ್ಸೈಡ್ ಆಕ್ಸಿಜನ್ ಆಗುವುದು +0.70. ನೀರು ಆಕ್ಸಿಜನ್ ಆಗುವುದು +1.23. ಕ್ಲೋರೈಡ್ ಕ್ಲೋರಿನ್ ಆಗುವುದು +1.36. ಆಮ್ಲದಲ್ಲಿ ಪರ್ಮಾಂಗನೇಟ್ +1.51. ಕಡಿಮೆ ಅಂಕೆಯವರು ಕೊಡುತ್ತಾರೆ, ಹೆಚ್ಚು ಅಂಕೆಯವರು ತೆಗೆದುಕೊಳ್ಳುತ್ತಾರೆ.

ಬೋಟಿನದ್ದು ಮೊದಲು. ಸತು ಮತ್ತು ಕಬ್ಬಿಣದಲ್ಲಿ ಸತುವಿನ ಅಂಕೆ ಕೆಳಗಿದೆ. ಹಾಗಾಗಿ ಅದೇ ಕೊಡುತ್ತದೆ, ಒಂದೊಂದು ಪರಮಾಣು 2 ಎಲೆಕ್ಟ್ರಾನು. ತೆಗೆದುಕೊಳ್ಳುವುದು ನೀರಿನಲ್ಲಿ ಕರಗಿದ ಆಕ್ಸಿಜನ್, ಒಂದು ಅಣುವಿಗೆ 4. ಆದ್ದರಿಂದ 2 ಸತು + 1 ಆಕ್ಸಿಜನ್ + 2 ನೀರು → 2 ಸತುವಿನ ಹೈಡ್ರಾಕ್ಸೈಡ್. ಪೇಂಟ್ ಬಳಿದಾಗ ಸತುವಿಗೆ ನೀರಿನ ಸಂಪರ್ಕವೇ ತಪ್ಪಿತು. ಆಗ ಸಾಲಿನಲ್ಲಿ ಮುಂದಿನವನು ಕಬ್ಬಿಣ, ಅವನು ಕೊಟ್ಟ. ಕಡಲ ಗಾಳಿಗೆ ನಮ್ಮ ಲ್ಯಾಬಿನ ಬ್ಯುರೆಟ್ ಸ್ಟ್ಯಾಂಡು ಪ್ರತಿ ವರ್ಷ ತುಕ್ಕು ಹಿಡಿಯುತ್ತಿತ್ತು. ಅಲ್ಲಿ ಸತು ಇರಲಿಲ್ಲ, ಪೇಂಟ್ ಒಂದೇ ಗತಿ.

ಈಗ ಕತ್ತಿ. ಮಗಳಿಗೆ ನನ್ನ ಶಭಾಷ್ ತಿಳಿಸಿ. ಹೌದು, ಅದೂ ಎಲೆಕ್ಟ್ರಾನೇ. ಸುಣ್ಣ ಸಾಕಷ್ಟು ಇದ್ದರೆ ತಾಮ್ರವೆಲ್ಲ ನೀಲಿ ಗಸಿಯಾಗಿ ಸುಣ್ಣದ ಜೊತೆ ಕಟ್ಟಿಕೊಂಡಿರುತ್ತದೆ. ಸಾಲದೇ ಹೋದರೆ ತಾಮ್ರದ ಅಯಾನು, ಅಂದರೆ ಚಾರ್ಜ್ ಇರುವ ತಾಮ್ರದ ಕಣ, ನೀರಿನಲ್ಲಿ ಬಿಡಿಯಾಗಿ ಉಳಿಯುತ್ತದೆ. ಕತ್ತಿಯ ಕಬ್ಬಿಣ ಅದಕ್ಕೆ 2 ಎಲೆಕ್ಟ್ರಾನು ಕೊಡುತ್ತದೆ, ತಾನು ಕರಗುತ್ತದೆ, ತಾಮ್ರ ಕತ್ತಿಯ ಮೇಲೆ ಕೆಂಪಗೆ ಕೂರುತ್ತದೆ. ಕಬ್ಬಿಣದ ಡ್ರಮ್ಮು ಬೇಡ, ಪ್ಲಾಸ್ಟಿಕ್ ಇರಲಿ ಅನ್ನುವುದೂ ಇದಕ್ಕೇ. ಇಡೀ ಡ್ರಮ್ಮೇ ಕತ್ತಿಯ ಕೆಲಸ ಮಾಡಿಬಿಡುತ್ತದೆ.

ಇಲ್ಲೊಂದು ಗುಂಡಿ ಇದೆ, ಮಗಳು ಬೀಳದಿರಲಿ. ಕಬ್ಬಿಣ +2 ಆಗಬಹುದು, +3 ಕೂಡ ಆಗಬಹುದು. ಅವಳು +3 ಅಂದುಕೊಂಡರೆ 2 ಕಬ್ಬಿಣಕ್ಕೆ 3 ತಾಮ್ರ ಅಂತ ಬರುತ್ತದೆ. ಪರಮಾಣು ಸರಿ, ಚಾರ್ಜ್ ಸರಿ, ಎಲೆಕ್ಟ್ರಾನು 6ಕ್ಕೆ 6 ಸರಿ. ಆದರೂ ನಡೆಯುವುದು ಹಾಗಲ್ಲ. ಕಬ್ಬಿಣ +2ರಿಂದ +3ಕ್ಕೆ ಹೋಗುವ ಅಂಕೆ +0.77. ತಾಮ್ರದ್ದು +0.34. ಆ ಮೂರನೇ ಎಲೆಕ್ಟ್ರಾನನ್ನು ಕಬ್ಬಿಣದ ಕೈಯಿಂದ ಬಿಡಿಸುವ ಶಕ್ತಿ ತಾಮ್ರಕ್ಕಿಲ್ಲ. ಹಾಗಾಗಿ 1 ಕಬ್ಬಿಣಕ್ಕೆ 1 ತಾಮ್ರ. ಕೊಟ್ಟವರು ಯಾರು ಅಂತ ಕೇಳಿದ ಮೇಲೆ, ಎಷ್ಟು ಕೊಟ್ಟು ನಿಲ್ಲಿಸಿದರು ಅಂತಲೂ ಕೇಳಬೇಕು.

ಇನ್ನು ನಿಮ್ಮ ಪೆರಾಕ್ಸೈಡ್. ಪರ್ಮಾಂಗನೇಟ್ 1.51ರಲ್ಲಿದೆ. ಕೊಡಲು ಪೆರಾಕ್ಸೈಡ್ 0.70ರಲ್ಲಿ, ನೀರು 1.23ರಲ್ಲಿ. ಪೆರಾಕ್ಸೈಡ್ ಸಾಲಿನಲ್ಲಿ ತುಂಬಾ ಮುಂದಿದೆ. "ಆದರೆ ಸರ್, 1.23 ಕೂಡ 1.51ಕ್ಕಿಂತ ಕೆಳಗೇ ಇದೆಯಲ್ಲ, ನೀರೂ ಕೊಡಬೇಕಲ್ಲ?" ಅಂತ ಮಗಳು ಕೇಳಿದರೆ, ಆ ಪ್ರಶ್ನೆಗೆ ಪೂರ್ತಿ ಗೌರವ ಕೊಡಿ. ನೀರೂ ಕೊಡುತ್ತದೆ. ಆದರೆ ಬಹಳ ಬಹಳ ನಿಧಾನ. ಪೆರಾಕ್ಸೈಡ್ ಎದುರಿಗೆ ಇರುವಾಗ ಅದರ ಸರದಿ ಬರುವುದೇ ಇಲ್ಲ. ಪರ್ಮಾಂಗನೇಟ್ ದ್ರಾವಣವನ್ನು ಕಂದು ಬಾಟಲಿಯಲ್ಲಿ ಇಡುವುದು, ಹಳೆಯದಾದರೆ ಬಳಸುವ ಮುಂಚೆ ಮತ್ತೆ ಅಳೆಯುವುದು ಇದೇ ಕಾರಣಕ್ಕೆ. ಬೆಳಕು ತಾಗಿದರೆ ಅದು ನೀರನ್ನೇ ಮೆಲ್ಲಗೆ ಕೆಡಿಸುತ್ತಾ ತಾನೂ ಕೆಡುತ್ತದೆ. ಬಾಟಲಿಯ ತಳದಲ್ಲಿ ಕಂದು ಪುಡಿ ಕೂರುತ್ತದೆ.

ಕೊಡುವವರು ಮಧ್ಯೆ ನುಸುಳಿದರೆ ಏನಾಗುತ್ತದೆ ಅನ್ನುವುದನ್ನು ನಾನು ಕೆಲಸದ ಮೊದಲ ವರ್ಷ ನೋಡಿದೆ. ಮೋರ್ಸ್ ಲವಣದ ಟೈಟ್ರೇಶನ್, ಅಂದರೆ ಕಬ್ಬಿಣ +2 ಇರುವ ಒಂದು ಲವಣವನ್ನು ಹೀಗೇ ಬ್ಯುರೆಟ್ಟಿನ ಪರ್ಮಾಂಗನೇಟಿನಿಂದ ಅಳೆಯುವುದು. ಒಂದು ಸಾಲಿನ ಮಕ್ಕಳಿಗೆಲ್ಲ ಬ್ಯುರೆಟ್ ರೀಡಿಂಗ್ ಜಾಸ್ತಿ ಬರುತ್ತಿತ್ತು. ನಾನು ಅವರ ಕೈಯನ್ನೇ ಅನುಮಾನಿಸಿ ಮತ್ತೆ ಮತ್ತೆ ಮಾಡಿಸಿದೆ. ಕೊನೆಗೆ ಒಬ್ಬ ಹುಡುಗಿ, "ಸರ್, ಬ್ಲೀಚಿಂಗ್ ಪೌಡರ್ ಥರ ವಾಸನೆ" ಅಂದಳು. ಆ ಸಾಲಿನ ಬಾಟಲಿಗೆ ಯಾರೋ ಸಲ್ಫ್ಯೂರಿಕ್ ಬದಲು ಹೈಡ್ರೋಕ್ಲೋರಿಕ್ ಆಮ್ಲ ತುಂಬಿದ್ದರು. 1.36ರ ಕ್ಲೋರೈಡ್ ಕೂಡ ಎಲೆಕ್ಟ್ರಾನು ಕೊಟ್ಟಿತ್ತು. ಕಬ್ಬಿಣ ಕೊಡಬೇಕಾದ ಲೆಕ್ಕದಲ್ಲಿ ಇನ್ನೊಬ್ಬರು ಸೇರಿಕೊಂಡಿದ್ದರು. ಆ ಹುಡುಗಿಯ ಮೂಗನ್ನು ನಾನು ಪ್ರತಿ ವರ್ಷ ಪಾಠದಲ್ಲಿ ನೆನೆಸುತ್ತಿದ್ದೆ.

ಮಗಳಿಗೆ ಒಂದು ಮನೆಗೆಲಸ. ಹಿಂದೆ ಹಳ್ಳಿ ಬಾವಿಗಳಿಗೆ ಪರ್ಮಾಂಗನೇಟ್ ಹಾಕುತ್ತಿದ್ದರು. ನೀರಿನಲ್ಲಿ ಕಬ್ಬಿಣದ ಅಂಶ ಕರಗಿದ್ದರೆ, +2ರಲ್ಲಿ, ಅದು +3 ಆಗಿ ಹೈಡ್ರಾಕ್ಸೈಡಾಗಿ ತಳಕ್ಕೆ ಕೂರುತ್ತದೆ. ಬಾವಿ ನೀರು ಆಮ್ಲವಲ್ಲ. ಅಲ್ಲಿ ಮ್ಯಾಂಗನೀಸ್ +2ರವರೆಗೆ ಇಳಿಯುವುದಿಲ್ಲ. +4ಕ್ಕೆ ನಿಂತು ಮ್ಯಾಂಗನೀಸ್ ಡೈಆಕ್ಸೈಡ್ ಆಗುತ್ತದೆ. ಪರ್ಮಾಂಗನೇಟ್ ಮುಟ್ಟಿದ ಕೈಗೆ ಆಗುವ ಕಂದು ಕಲೆ ಅದೇ. ಇದನ್ನು ಸರಿದೂಗಿಸಿ ಇಲ್ಲಿ ಹಾಕಲಿ. ಪೊಟ್ಯಾಸಿಯಂ ಬಿಟ್ಟು ಅಯಾನುಗಳಲ್ಲೇ ಬರೆಯಲಿ, ಬೇಕಾದ ಕಡೆ ನೀರು ಮತ್ತು ಹೈಡ್ರೋಜನ್ ಅಯಾನು ಬಳಸಲಿ.

ತೋಟದಮನೆ, ಶಿರಸಿ ಕಡೆ

ಸರ್, ಮಾಡಿದಳು. ಹೇಗೆ ಮಾಡಿದಳು ಅಂತ ಪೂರ್ತಿ ಬರೆಯುತ್ತೇನೆ, ತಪ್ಪಿದ್ದನ್ನೂ ಸೇರಿಸಿ.

ಮೊದಲು ಖಾತೆ ಬರೆದಳು. ಮ್ಯಾಂಗನೀಸ್ +7ರಿಂದ +4, 3 ತೆಗೆದುಕೊಂಡಿದೆ. ಕಬ್ಬಿಣ +2ರಿಂದ +3, ತಲಾ 1 ಕೊಟ್ಟಿದೆ. ಹಾಗಾಗಿ 1 ಪರ್ಮಾಂಗನೇಟಿಗೆ 3 ಕಬ್ಬಿಣ. ಇಲ್ಲಿಯವರೆಗೆ ಒಂದು ನಿಮಿಷವೂ ಆಗಲಿಲ್ಲ. ಆಮೇಲೆ ಅಭ್ಯಾಸದ ಮೇಲೆ ಎಡಗಡೆ 8 ಹೈಡ್ರೋಜನ್ ಅಯಾನು ಬರೆದಳು, ಪುಸ್ತಕದಲ್ಲಿ ಪರ್ಮಾಂಗನೇಟ್ ಪಕ್ಕ ಯಾವಾಗಲೂ ಅದೇ ಇರುತ್ತದೆ ಅಂತ. ಅಲ್ಲಿಂದ ಮುಂದೆ ಏನು ಮಾಡಿದರೂ ಕೂರಲಿಲ್ಲ. ಅತ್ತೆ ಒಳಗಿಂದ "ಮಲಗಿ ಸಾಕು" ಅಂತ ಕರೆದರು.

ಆಗ ನಾನು ಹೇಳಿದೆ, ಚಾರ್ಜನ್ನು ಒಮ್ಮೆ ಕೂಡಿಸು ಅಂತ. ಪರ್ಮಾಂಗನೇಟಿಗೆ −1, ಮೂರು ಕಬ್ಬಿಣಕ್ಕೆ +6. ಎಡಗಡೆ ಒಟ್ಟು +5. ಬಲಗಡೆ ಡೈಆಕ್ಸೈಡಿಗೂ ಹೈಡ್ರಾಕ್ಸೈಡಿಗೂ ಚಾರ್ಜ್ ಇಲ್ಲ, ಸೊನ್ನೆ. ಹಾಗಾದರೆ +5 ಬಲಗಡೆ ಬರಬೇಕು. ಅಂದರೆ 5 ಹೈಡ್ರೋಜನ್ ಅಯಾನು ಬಲಗಡೆ! ಎಡಗಡೆ ಅಲ್ಲ. ಅವಳು ಬರೆದದ್ದನ್ನು ಹೊಡೆದು ಹಾಕಿ ಹೊಸದಾಗಿ ಬರೆದಳು:

1 ಪರ್ಮಾಂಗನೇಟ್ ಅಯಾನು + 3 ಕಬ್ಬಿಣ +2 ಅಯಾನು + 7 ನೀರು → 1 ಮ್ಯಾಂಗನೀಸ್ ಡೈಆಕ್ಸೈಡ್ + 3 ಕಬ್ಬಿಣದ ಹೈಡ್ರಾಕ್ಸೈಡ್ + 5 ಹೈಡ್ರೋಜನ್ ಅಯಾನು

ಹೈಡ್ರೋಜನ್ 14ಕ್ಕೆ 14. ಆಕ್ಸಿಜನ್ 11ಕ್ಕೆ 11. ಆಮೇಲೆ ಅವಳೇ, ಯಾರೂ ಹೇಳದೆ, ಒಂದೊಂದರ ಪಕ್ಕ ಸಣ್ಣ ಅಕ್ಷರದಲ್ಲಿ ಬರೆದಳು: ಕೊಟ್ಟವರು ಕಬ್ಬಿಣ 3, ಪಡೆದವರು ಮ್ಯಾಂಗನೀಸ್ 3, ನೀರು ಏನೂ ಕೊಟ್ಟಿಲ್ಲ. ಹಳೆಯ ಪೆರಾಕ್ಸೈಡಿನ ಪುಟಕ್ಕೆ ಹೋಗಿ ಅಲ್ಲೂ ಹಾಗೆಯೇ ಬರೆದಿದ್ದಾಳೆ. ತನ್ನ ಮೊದಲ ಉತ್ತರವನ್ನು ಅಳಿಸಿಲ್ಲ. ಪಕ್ಕದಲ್ಲಿ "8 ತಪ್ಪು ಖಾತೆಗೆ" ಅಂತ ಗುರುತು ಹಾಕಿದ್ದಾಳೆ.

ಒಂದು ಅನುಮಾನ ಉಳಿದಿದೆ ಸರ್. ಬಲಗಡೆ 5 ಹೈಡ್ರೋಜನ್ ಅಯಾನು ಅಂದರೆ ಬಾವಿ ನೀರು ಹುಳಿ ಆಗಬೇಕಲ್ಲ? ಹಾಗೆ ಆಗಿದ್ದು ಯಾರೂ ಹೇಳಿದ್ದಿಲ್ಲ.

ನಿವೃತ್ತ ಉಪನ್ಯಾಸಕ, ಕಾರವಾರ

ಸಮೀಕರಣ ಪೂರ್ತಿ ಸರಿ ಇದೆ. ಆ ಸಣ್ಣ ಅಕ್ಷರದ ಟಿಪ್ಪಣಿಯನ್ನು ಅವಳು ಎರಡು ವರ್ಷವೂ ಬಿಡದಿರಲಿ.

ಬಾವಿ ಹುಳಿ ಆಗದಿರುವುದಕ್ಕೆ ಎರಡು ಕಾರಣ. ಒಂದು, ಕರಗಿದ ಕಬ್ಬಿಣ ಬಹಳ ಕಡಿಮೆ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಎರಡು, ಬಾವಿ ನೀರಿನಲ್ಲಿ ಬೈಕಾರ್ಬನೇಟ್ ಇರುತ್ತದೆ. ಅದು ಹೈಡ್ರೋಜನ್ ಅಯಾನನ್ನು ಹಿಡಿದು ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿಬಿಡುತ್ತದೆ. ಅಲ್ಲಿ ಯಾರ ಆಕ್ಸಿಡೇಶನ್ ನಂಬರೂ ಬದಲಾಗುವುದಿಲ್ಲ. ಎಲೆಕ್ಟ್ರಾನಿನ ಖಾತೆ ತೆರೆಯುವ ಕೆಲಸವಿಲ್ಲ, ಪರಮಾಣು ಎಣಿಸಿದರೆ ಸಾಕು: 1 ಬೈಕಾರ್ಬನೇಟ್ + 1 ಹೈಡ್ರೋಜನ್ ಅಯಾನು → 1 ನೀರು + 1 ಕಾರ್ಬನ್ ಡೈಆಕ್ಸೈಡ್. ಯಾವ ಕ್ರಿಯೆಗೆ ಯಾವ ಲೆಕ್ಕ ಬೇಕು ಅಂತ ಅವಳೇ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಲಿ. ನಾಳೆ ಆಕ್ಸಾಲಿಕ್ ಆಮ್ಲದ್ದು ಕಳಿಸುತ್ತೇನೆ.